ಅರ್ಥವಾಗಲಿಲ್ಲ ಅನ್ನುವುದು ಅಪರಾಧವೇ?

ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡೇ ಎರಡು ತಿಂಗಳು 'ಡೂಮ್ ಪೆಟ್ರೋಲ್' ಓದಿದೆ. ಗ್ರಾಂಟ್ ಮಾರಿಸನ್ 1989ರಿಂದ 1993ರವರೆಗೆ, 19ನೇ ಸಂಚಿಕೆಯಿಂದ 63ರವರೆಗೆ ಬರೆದ ಸೂಪರ್‌ಹೀರೋ ಕಾಮಿಕ್ಸ್ ಅದು. ಇದನ್ನು ಓದದವರು ಕಾಮಿಕ್ಸ್ ಬಗ್ಗೆ ಬಾಯಿ ತೆರೆಯಬಾರದು ಅಂತ ನಮ್ಮ ಟೀಮಿನ ಹುಡುಗರ ಅಪ್ಪಣೆ. ಓದಿದೆ. ಈಗ ಬಾಯಿ ತೆರೆಯುತ್ತೇನೆ: ನನ್ನ ತಾಳ್ಮೆ ಮುಗಿಯಿತು.

ಶುರುವಾತು ಚೆನ್ನಾಗಿದೆ, ಸುಳ್ಳು ಹೇಳಲಾರೆ. ಮೆದುಳೊಂದು ಬಿಟ್ಟು ಮೈಯೆಲ್ಲ ಲೋಹವಾದ ಕ್ಲಿಫ್ ಸ್ಟೀಲ್, ಮುಟ್ಟಿದ್ದು ತಿಳಿಯದ ಈ ದೇಹ ನನ್ನದೇ ಅಂತ ಒದ್ದಾಡುತ್ತಾನೆ. ಕಾರ್ನಾಡರ 'ಹಯವದನ' ನೋಡಿದವರಿಗೆ ಈ ಪ್ರಶ್ನೆ ಗೊತ್ತು. ಅಲ್ಲಿ ತಲೆಗಳು ಅದಲುಬದಲಾಗುವುದು ಅಸಂಗತವೇ. ಆದರೆ ಆ ಒಂದು ಅಸಂಗತದ ಬೆಲೆಯನ್ನು ಮೂವರೂ ಪ್ರಾಣ ಕೊಟ್ಟು ತೀರಿಸುತ್ತಾರೆ. ಇಲ್ಲಿ ಹಾಗಲ್ಲ. ಪ್ಯಾರಿಸ್ಸನ್ನೇ ನುಂಗುವ ಚಿತ್ರಪಟ, ಮನುಷ್ಯರನ್ನು ಕತ್ತರಿಸಿ ತೆಗೆಯುವ ಕತ್ತರಿಗೈಯವರು, ಅರವತ್ನಾಲ್ಕು ವ್ಯಕ್ತಿತ್ವಗಳ ಜೇನ್. ಒಂದು ಬೆರಗು ಅರಗುವ ಮೊದಲೇ ಇನ್ನೊಂದು. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಏನಾದರೇನು? ದಿನಕ್ಕೊಂದು ಹೊಸ ಫೀಚರ್ ಕೇಳುವ ಕ್ಲೈಂಟ್ ಕಂಡಿದ್ದೇನೆ. ಅಂಥ ಪ್ರಾಜೆಕ್ಟು ಗುರಿ ಮುಟ್ಟಿದ್ದು ಕಂಡಿಲ್ಲ.

'ಇದು ಡಾಡಾ, ಸಾರ್. ಅರ್ಥ ಹುಡುಕಬಾರದು' ಅನ್ನುತ್ತಾರೆ ಹುಡುಗರು. 1916ರಲ್ಲಿ ಜ್ಯೂರಿಕ್‌ನಲ್ಲಿ ಡಾಡಾ ಹುಟ್ಟಿದಾಗ ಸುತ್ತ ಮಹಾಯುದ್ಧ ನಡೆದಿತ್ತು. ಬುದ್ಧಿವಂತರೆನಿಸಿಕೊಂಡವರೇ ಲಕ್ಷಗಟ್ಟಲೆ ಜನರನ್ನು ಸಾವಿಗೆ ಅಟ್ಟುತ್ತಿದ್ದಾಗ ಅರ್ಥಹೀನತೆಯೇ ಒಂದು ಸಿಟ್ಟಿನ ಉತ್ತರವಾಗಿತ್ತು. ಈ ಕಾಮಿಕ್ಸ್‌ನ 'ಬ್ರದರ್‌ಹುಡ್ ಆಫ್ ಡಾಡಾ' ಹೆಸರು ಉಳಿಸಿಕೊಂಡಿದೆ, ಆ ಸಿಟ್ಟು ನನಗೆ ಸಿಗಲಿಲ್ಲ. ಅಲ್ಲಮನ ಬೆಡಗಿನ ವಚನಗಳೂ ಮೊದಲ ಓದಿಗೆ ದಕ್ಕುವುದಿಲ್ಲ. ಆದರೆ ಅಲ್ಲಿ ಬೀಗದ ಹಿಂದೆ ಕೋಣೆಯಿದೆ ಎಂಬ ಭರವಸೆಯಿಂದ ಮತ್ತೆ ಮತ್ತೆ ಬಾಗಿಲು ತಟ್ಟುತ್ತೇವೆ. ಇಲ್ಲಿ ಬರೀ ಬೀಗಗಳ ಅಂಗಡಿ.

ಒಂದನ್ನು ಮಾತ್ರ ಮರೆಯಲಾರೆ: ಡ್ಯಾನಿ. ಅವನೊಂದು ಜೀವಂತ ಬೀದಿ. ಯಾವ ಊರಲ್ಲಾದರೂ ಸದ್ದಿಲ್ಲದೆ ಸೇರಿಕೊಂಡು, ಎಲ್ಲೂ ಸಲ್ಲದವರಿಗೆ ಜಾಗ ಕೊಡುತ್ತಾನೆ. ಮುಂಬಯಿಗೆ ಟ್ರಂಕು ಹಿಡಿದು ಬಂದ ನಮ್ಮಂಥವರಿಗೆ ಇದಕ್ಕೆ ಟಿಪ್ಪಣಿ ಬೇಕೇ? ವಿಚಿತ್ರ ಇದ್ದದ್ದಕ್ಕಲ್ಲ ನನ್ನ ತಕರಾರು. ಇಂಥದ್ದು ಬರೆಯಬಲ್ಲವನು ಅದರ ಜೊತೆ ನಾಲ್ಕು ದಿನ ನಿಲ್ಲಲಿಲ್ಲವಲ್ಲ, ಅದಕ್ಕೆ.

ದಡ್ಡರೆನಿಸಿಕೊಳ್ಳುವ ಭಯಕ್ಕೆ ನಾವು ಎಷ್ಟು ಪುಸ್ತಕಗಳಿಗೆ ತಲೆಯಾಡಿಸಿದ್ದೇವೆ, ಒಮ್ಮೆ ಲೆಕ್ಕ ಹಾಕಿ. ನಾನು 40ನೇ ಸಂಚಿಕೆಗೇ ಇಳಿದುಬಿಟ್ಟೆ. ಮುಂದಿನ ಸ್ಟೇಷನ್‌ವರೆಗೆ ಹೋಗುವವರು ಹೋಗಿಬನ್ನಿ.