ಪಡಿತರದ ಬಾಕಿ: ಸುವರ್ಣ ವಿಧಾನಸೌಧಕ್ಕೆ ಬರುವ ಸನ್ಮಾನ್ಯರಿಗೆ

ಸನ್ಮಾನ್ಯರೇ,

ಡಿಸೆಂಬರ್ ಬಂದರೆ ತಾವು ಬೆಳಗಾವಿಗೆ ದಯಮಾಡಿಸುತ್ತೀರಿ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಉತ್ತರ ಕರ್ನಾಟಕದ ಬಡವರ ಬಗ್ಗೆ ಕಳಕಳಿಯಿಂದ ಮಾತನಾಡುತ್ತೀರಿ. ಆ ಬಡವರ ಹೊಟ್ಟೆಗೆ ಸಂಬಂಧಿಸಿದ ಕೆಲವು ಮಾತುಗಳನ್ನು, ತಮ್ಮ ಸ್ಥಾನಕ್ಕೆ ಸಲ್ಲಬೇಕಾದ ಗೌರವದೊಂದಿಗೇ, ತಮ್ಮ ಮುಂದಿಡುತ್ತಿದ್ದೇನೆ.

2023ರ ಚುನಾವಣೆಗೆ ಮುನ್ನ ಗ್ಯಾರಂಟಿಗಳ ಮಾತು ಕೊಡಲು ತಾವು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಗೃಹಜ್ಯೋತಿ ಚಿಕ್ಕೋಡಿಯಲ್ಲಿ ಘೋಷಣೆಯಾಯಿತು, ಯುವನಿಧಿ ಬೆಳಗಾವಿ ನಗರದಲ್ಲಿ. ತಲೆಗೆ ತಿಂಗಳಿಗೆ 10 ಕೆಜಿ ಅಕ್ಕಿ ಎಂಬ ಮಾತನ್ನೂ ಜನ ನಂಬಿದರು. ಗೆದ್ದ ಮರು ತಿಂಗಳೇ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅದು ಅನ್ಯಾಯವೇ, ಅಲ್ಲವೆನ್ನುವುದಿಲ್ಲ. ಆದರೆ ಮಾತು ಕೊಡುವ ಮುನ್ನ ಅಕ್ಕಿ ಎಲ್ಲಿಂದ ತರುತ್ತೇವೆಂದು ಯೋಚಿಸಬೇಕಾದವರು ತಾವೇ ಆಗಿದ್ದಿರಿ.

ಆಮೇಲೆ ಆದದ್ದು ತಮಗೆ ಗೊತ್ತು. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ. ಅದು ಭಾರತೀಯ ಆಹಾರ ನಿಗಮದ ದರ, ಕಿರಾಣಿ ಅಂಗಡಿಯದಲ್ಲ. ಆ ದುಡ್ಡೂ ಕಡೆಕಡೆಗೆ ತಿಂಗಳುಗಟ್ಟಲೆ ತಡವಾಯಿತು. 2025ರ ಫೆಬ್ರವರಿಯ ಲೆಕ್ಕದಿಂದ ದುಡ್ಡು ಹೋಗಿ ಅಕ್ಕಿ ಬಂತು. ಜುಲೈಯಲ್ಲಿ ಬಾಡಿಗೆ ಬಾಕಿಗಾಗಿ ಸಾಗಣೆದಾರರು ಲಾರಿಗಳನ್ನು ನಿಲ್ಲಿಸಿದರು. ಅಕ್ಟೋಬರಿನಲ್ಲಿ ತಮ್ಮ ಸಂಪುಟ, ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವುದೆಂದು ತೀರ್ಮಾನಿಸಿತು. ಬೇಳೆ ಬೇಡವೆನ್ನುವ ತಾಯಿ ಯಾರೂ ಇಲ್ಲ. ಬರೀ ಅನ್ನದಿಂದ ಮಕ್ಕಳು ಬೆಳೆಯುವುದಿಲ್ಲವೆಂದು ಅವಳಿಗೆ ತಮಗಿಂತ ಚೆನ್ನಾಗಿ ಗೊತ್ತು. ಆದರೆ ಅಕ್ಕಿ ದುಡ್ಡಾದಾಗ, ದುಡ್ಡು ಅಕ್ಕಿಯಾದಾಗ, ಅಕ್ಕಿ ಕಿಟ್ ಆಗುವಾಗ, ಒಮ್ಮೆಯಾದರೂ ತಾವು ಅವಳನ್ನು ಕೇಳಿದಿರಾ?

ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎಂಬುದು ಕಿಟ್‌ಗೆ ತಾವು ಕೊಟ್ಟ ಕಾರಣ. ಗೋದಾಮಿನಿಂದ ಲೋಡುಗಟ್ಟಲೆ ಸಾಗಿಸುವವನನ್ನೂ, ರೊಟ್ಟಿ ಉಣ್ಣುವ ಮನೆಯಲ್ಲಿ ಉಳಿದ ನಾಲ್ಕು ಕೆಜಿ ಅಕ್ಕಿ ಮಾರಿ ಜೋಳ ಕೊಳ್ಳುವವಳನ್ನೂ ಒಂದೇ ಕಾಳಸಂತೆಯ ಲೆಕ್ಕಕ್ಕೆ ಸೇರಿಸಬೇಡಿ. ಬೆಳಗಾವಿಯ ಬಯಲು ಸೀಮೆಯಲ್ಲಿ ಜೋಳವನ್ನೇ ಸರಿಯಾಗಿ ಕೊಟ್ಟಿದ್ದರೆ ಅವಳೇಕೆ ಅಕ್ಕಿ ಮಾರುತ್ತಿದ್ದಳು?

ಈಗ ಖಾನಾಪುರದ ಕಡೆ ಬನ್ನಿ. ತಾವು ಕೂರುವ ಸಭಾಂಗಣಕ್ಕೆ ಆ ಊರು ದೂರವೇನಲ್ಲ. ಅಲ್ಲಿಂದ ಭೀಮಗಡದ ಕಾಡಿಗೆ ಹೊಕ್ಕರೆ ಆಮಗಾಂವ್, ಗವಾಳಿಯಂಥ ಊರುಗಳಿವೆ. 2024ರ ಜುಲೈಯಲ್ಲಿ ಆಮಗಾಂವ್‌ನ ಜನ ಕಾಯಿಲೆಯಾದ ಹೆಣ್ಣುಮಗಳೊಬ್ಬಳನ್ನು ಮಳೆಯಲ್ಲಿ ಹೆಗಲ ಮೇಲೆ ಹೊತ್ತು ಕಾಡುದಾರಿ ನಡೆದದ್ದನ್ನು ನಾಡೆಲ್ಲ ನೋಡಿತು. ರೋಗಿಯನ್ನು ಹೊರುವ ದಾರಿಯಲ್ಲೇ ಅಕ್ಕಿಯನ್ನೂ ಹೊರಬೇಕು. ಅಂಗಡಿ ತಲುಪಿದರೆ ಬೆರಳು ಒತ್ತಬೇಕು. ಕೂಲಿಯಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸಬೇಕು, ಗುರುತಿಸಲು ನೆಟ್‌ವರ್ಕ್ ಸಿಗಬೇಕು. "ಸರ್ವರ್ ಇಲ್ರಿ, ನಾಳಿ ಬರ್ರಿ" ಎಂಬ ಉತ್ತರ ಕೇಳಿದವಳಿಗೆ ಆ ನಾಳೆ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಗುಡ್ಡಗಾಡಿನ, ದೂರದ ಊರುಗಳ ಕಡೆ ವಿಶೇಷ ಗಮನ ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆಯ 30ನೇ ಕಲಮು ಸರ್ಕಾರಗಳಿಗೆ ಹೇಳುತ್ತದೆ. ಅದು ತಮ್ಮ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ.

ನನ್ನನ್ನು ಹೆಚ್ಚು ನೋಯಿಸುವುದು ಇದು. ಪಡಿತರಕ್ಕಾಗಿ ಆ ದಾರಿ ನಡೆಯುವ ಹೆಣ್ಣುಮಗಳು ಒಂದು ತಿಂಗಳ ಪಾಲು ಒಯ್ಯದೆ ಹೋದರೆ ಅದು ರದ್ದು, ಮುಂದಿನ ತಿಂಗಳು ಕೇಳುವ ಹಾಗಿಲ್ಲ. ತಾವು ತಿಂಗಳುಗಟ್ಟಲೆ ಕೊಡುವುದನ್ನು ತಪ್ಪಿಸಿದರೆ? ತಮಗೆ ಯಾವ ದಂಡವೂ ಇಲ್ಲ. ಪ್ರತಿ ತಿಂಗಳೂ ತಾನು ಯಾರೆಂದು ರುಜುವಾತು ಮಾಡಬೇಕಾದವಳು ಅವಳು. ಕೊಟ್ಟ ಮಾತಿಗೆ ರುಜುವಾತು ತಮ್ಮಿಂದ ಯಾರೂ ಕೇಳುವುದಿಲ್ಲ.

2024ರ ನವೆಂಬರಿನಲ್ಲಿ ಅದೂ ಸಾಲದಾಯಿತು. ಬಿಪಿಎಲ್ ಕಾರ್ಡುಗಳು ರದ್ದಾದವು, ಎಪಿಎಲ್ ಆದವು. ಜನ ಬೀದಿಗೆ ಬಂದ ಮೇಲೆ ಅರ್ಹರ ಕಾರ್ಡು ಮುಟ್ಟುವುದಿಲ್ಲವೆಂದು ತಾವು ಅಭಯವಿತ್ತಿರಿ. ಅರ್ಹತೆಯ ಅಳತೆಗೋಲು ಯಾವುದು? ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯ. ದಿನಕ್ಕೆ 329 ರೂಪಾಯಿ. 2025-26ಕ್ಕೆ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ 370. ಗಂಡ ಹೆಂಡತಿ ಇಬ್ಬರೂ ಆ ಕೂಲಿಗೆ ವರ್ಷದ ಅರ್ಧದಷ್ಟು ದಿನ ದುಡಿದರೂ ಕಡತದಲ್ಲಿ ಅವರು ಬಡವರಲ್ಲ. ಬೆಳಗಾವಿಯ ವಡಗಾವಿ, ಖಾಸಬಾಗದ ಮಗ್ಗಗಳ ಮುಂದೆ ಸಂಸಾರವೆಲ್ಲ ಕೂತು ದುಡಿಯುವ ನೇಕಾರರನ್ನು ಈ ಗೆರೆಯ ಯಾವ ಬದಿಗೆ ನಿಲ್ಲಿಸುತ್ತೀರಿ? ಸಾಲಕ್ಕಾಗಿ ಆದಾಯ ತೆರಿಗೆ ರಿಟರ್ನ್ ತುಂಬಿದವನೂ ತೆರಿಗೆ ಕಟ್ಟುವವನೂ ಒಂದೇ ಅಲ್ಲವೆಂಬುದು ತಮ್ಮ ಅಧಿಕಾರಿಗಳಿಗೆ ತಿಳಿಯದ ಸಂಗತಿಯೇ?

ಸನ್ಮಾನ್ಯರೇ, ಈ ಅಧಿವೇಶನದಲ್ಲಿ ಭಾಷಣ ಬೇಡ. ಬೆಳಗಾವಿ ಜಿಲ್ಲೆಯಲ್ಲಿ 2023ರ ಜುಲೈಯಿಂದ ಇಂದಿನವರೆಗೆ ಪ್ರತಿ ತಿಂಗಳು ಎಷ್ಟು ಕಾರ್ಡಿಗೆ ಅಕ್ಕಿ ಅಥವಾ ಹಣ ತಲುಪಿತು, ಎಷ್ಟಕ್ಕೆ ತಲುಪಲಿಲ್ಲ, ತಲುಪದ್ದನ್ನು ಯಾವ ದಿನಾಂಕದೊಳಗೆ ತೀರಿಸುತ್ತೀರಿ ಎಂಬುದನ್ನು ತಾಲೂಕುವಾರು ಸದನದಲ್ಲಿ ಮಂಡಿಸಿ. ಬೆರಳು ಹೊಂದದ ದಿನ ವಹಿಯಲ್ಲಿ ಸಹಿ ಪಡೆದು ಧಾನ್ಯ ಕೊಡುವಂತೆ ಖಾನಾಪುರದ ಕಾಡಂಚಿನ ಅಂಗಡಿಗಳಿಗೆ ಲಿಖಿತ ಆದೇಶ ಕಳಿಸಿ. ಮಳೆಗಾಲಕ್ಕೆ ಮುನ್ನವೇ ಆ ಊರುಗಳಿಗೆ ಮಳೆಗಾಲದ ಪಡಿತರ ತಲುಪಿಸಿ. ಇವಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ. ತಮ್ಮ ಒಂದು ಸಹಿ ಸಾಕು. ಅದನ್ನು ಬೆಳಗಾವಿ ಬಿಡುವ ಮುನ್ನ ಹಾಕಿ ಹೋಗಿ.

ಇತಿ,
ಬೆಳಗಾವಿಯ ಒಬ್ಬ ನಾಗರಿಕ