ಗೃಹಸ್ಥರಿಗೊಂದು ಮಾತು: ಗಣಕದೊಳಗಿನ ಗಣಕ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಮಾತನ್ನು ಕೇಳಿ ನಾವೆಲ್ಲರೂ ನಕ್ಕವರೇ. ಆ ನಗೆಯು ನಮ್ಮ ಮೇಲೆಯೇ ತಿರುಗಿಬಂದ ಸಂಗತಿಯೊಂದನ್ನು ಈ ತಿಂಗಳು ವಾಚಕ ಮಹಾಶಯರಲ್ಲಿ ನಿವೇದಿಸಿಕೊಳ್ಳಬೇಕಾಗಿದೆ. ಹೇಳಿಕೊಳ್ಳಲು ಸಂಕೋಚವಾದರೂ, ಇದರಿಂದ ನಾಲ್ಕು ಮನೆಗಳಿಗೆ ಉಪಕಾರವಾಗುವುದಾದರೆ ಮುಚ್ಚಿಡುವುದು ಯುಕ್ತವಲ್ಲವೆಂದು ತೋರಿತು.

ನಮ್ಮ ತೀರ್ಥರೂಪರು ತಮ್ಮ ವೃದ್ಧಾಪ್ಯದಲ್ಲಿ ಮನೆತನದ ವೃತ್ತಾಂತವನ್ನು ಬರೆಯಲಾರಂಭಿಸಿದ್ದರು. ಯೂನಿಕೋಡು ರೂಢಿಗೆ ಬರುವ ಮೊದಲಿನ ಕನ್ನಡ ತಂತ್ರಾಂಶವೊಂದರಲ್ಲಿ ಅವರ ಕೈ ಪಳಗಿದ್ದಿತು. ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಯಂತ್ರದಲ್ಲಲ್ಲದೆ ಅದು ನಮ್ಮಲ್ಲಿ ನೆಟ್ಟಗೆ ನಡೆಯುತ್ತಿರಲಿಲ್ಲ. ಎಕ್ಸ್‌ಪಿಯ ಪೋಷಣೆಯನ್ನು ಮೈಕ್ರೋಸಾಫ್ಟಿನವರು 2014ರ ಏಪ್ರಿಲ್ 8ರಂದೇ ನಿಲ್ಲಿಸಿದರು. ಕೆಲವು ವರ್ಷಗಳ ಮೇಲೆ ಆ ಯಂತ್ರವೂ ಕೆಟ್ಟುಹೋಗಲು, ಹೊಸದೊಂದನ್ನು ತಂದು, ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದ ಸಹಾಯದಿಂದ ಅದರೊಳಗೆ ಎಕ್ಸ್‌ಪಿಯ ವರ್ಚುವಲ್ ಮೆಷಿನ್ ಒಂದನ್ನು ಏರ್ಪಡಿಸಿಕೊಟ್ಟೆವು. ತಮ್ಮ ಹಳೆಯ ಪರದೆಯೂ ಹಳೆಯ ಅಕ್ಷರಗಳೂ ಇದ್ದಂತೆಯೇ ಮೂಡಿದುದನ್ನು ಕಂಡು ಅವರು ಬಹಳ ಸಂತೋಷಪಟ್ಟರು.

ವರ್ಚುವಲ್ ಮೆಷಿನ್ ಎಂದರೆ ಒಂದು ಗಣಕದೊಳಗೆ ತಂತ್ರಾಂಶದಿಂದ ಕಲ್ಪಿಸಿದ ಇನ್ನೊಂದು ಗಣಕವೆಂದು ತಿಳಿಯಬಹುದು. ಇದು ಹೊಸ ಯೋಚನೆಯೇನೂ ಅಲ್ಲ; ಐಬಿಎಮ್ ಸಂಸ್ಥೆಯವರು ತಮ್ಮ ದೊಡ್ಡ ಗಣಕಗಳಿಗಾಗಿ ವಿಎಮ್/370 ಎಂಬುದನ್ನು 1972ರಲ್ಲಿಯೇ ಪ್ರಕಟಿಸಿದ್ದರು. ಮನೆಯ ಗಣಕದಲ್ಲಿ ನಡೆಯುವ ವರ್ಚುವಲ್‌ಬಾಕ್ಸ್ 2007ರಲ್ಲಿ ಹೊರಬಂದಿತು. ಒಳಗಿನ ಗಣಕಕ್ಕೆ ತಾನು ಕಲ್ಪಿತವೆಂಬ ಅರಿವಿಲ್ಲ. ಅದರ ಹಾರ್ಡ್ ಡಿಸ್ಕು ಹೊರಗಿನ ಗಣಕದಲ್ಲಿ ಒಂದು ದೊಡ್ಡ ಫೈಲು ಮಾತ್ರ. ಅದರ ಮೆಮೊರಿ ಎಷ್ಟು, ಜೋಡಿಸಿದ ಉಪಕರಣಗಳು ಯಾವುವು ಎಂಬ ವಿವರವೆಲ್ಲ ಇನ್ನೊಂದು ಚಿಕ್ಕ ಫೈಲು. ಇವೆರಡೂ ಒಂದೇ ಫೋಲ್ಡರಿನಲ್ಲಿ ಇರುವುದು ವಾಡಿಕೆ. ಇಡೀ ಗಣಕವನ್ನೇ ನಕಲು ಮಾಡಿ ಬೇರೆಡೆಗೆ ಒಯ್ಯಬಹುದಾದ ಅನುಕೂಲವೂ ಇದರಿಂದಲೇ. ಒಂದು ಫೈಲು ಹೋದರೆ ಇಡೀ ಗಣಕವೇ ಹೋಗುವ ಅಪಾಯವೂ ಇದರಿಂದಲೇ.

ನಾವು ಅಜಾಗರೂಕರಾಗಿದ್ದೆವೆಂದು ವಾಚಕರು ಭಾವಿಸಬಾರದು. ಅಧ್ಯಾಯವೊಂದು ಮುಗಿದಾಗಲೆಲ್ಲ ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದೆವು. ಅಂತಹವು ಹನ್ನೊಂದು ಇದ್ದುವು. ಮೂರು ತಿಂಗಳ ಹಿಂದೆ ಆ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಯೂ ಇಟ್ಟಿದ್ದೆವು. ಹೀಗಿರಲು ಮಳೆಗಾಲದ ಒಂದು ಬೆಳಗ್ಗೆ ಗಣಕದ ಹಾರ್ಡ್ ಡಿಸ್ಕು ಸದ್ದಿಲ್ಲದೆ ನಿಂತುಹೋಯಿತು. ದುರಸ್ತಿ ಬಲ್ಲವರೂ ಕೈಚೆಲ್ಲಿದರು. ತೀರ್ಥರೂಪರು ಕಾಲವಾಗಿ ಆಗ ಎರಡು ತಿಂಗಳಾಗಿದ್ದಿತು.

ಹನ್ನೊಂದು ಸ್ನ್ಯಾಪ್‌ಶಾಟುಗಳಿಂದ ಎಳ್ಳಷ್ಟೂ ಪ್ರಯೋಜನವಾಗಲಿಲ್ಲ. ಸ್ನ್ಯಾಪ್‌ಶಾಟ್ ಬೇರೊಂದು ಪ್ರತಿಯಲ್ಲ. ಹಳೆಯ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು, ಅಲ್ಲಿಂದ ಮುಂದಿನ ಬದಲಾವಣೆಗಳನ್ನು ಮಾತ್ರ ಹೊಸ ಪುಸ್ತಕದಲ್ಲಿ ಬರೆಯುವಂತೆ ಅದರ ಕ್ರಮ. ಮೊದಲಿನ ಪುಸ್ತಕವಿಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ. ಎರಡೂ ಇರುವುದು ಒಂದೇ ಪೆಟ್ಟಿಗೆಯಲ್ಲಿ. ಒಳಗಿನ ಗಣಕದಲ್ಲಿ ಏನಾದರೂ ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಲು ಅದು ಬಹಳ ಒಳ್ಳೆಯದು. ಹೊರಗಿನ ಪೆಟ್ಟಿಗೆಯೇ ಹೋದರೆ ಅದರ ಜೊತೆಗೆ ಎಲ್ಲವೂ ಹೋಗುವುವು.

ಪೆನ್‌ಡ್ರೈವನ್ನು ತೆರೆದು ನೋಡಲಾಗಿ ಚಿಕ್ಕ ಫೈಲುಗಳು ಮಾತ್ರ ಇದ್ದುವು. ಡಿಸ್ಕಿನ ಫೈಲೇ ಇರಲಿಲ್ಲ. ಆ ಡ್ರೈವಿನ ವ್ಯವಸ್ಥೆ ಫ್ಯಾಟ್32 ಎಂಬ ಹಳೆಯ ಬಗೆಯದು. 4 ಗಿಗಾಬೈಟನ್ನು ಮುಟ್ಟಿದ ಯಾವ ಫೈಲೂ, ಡ್ರೈವಿನಲ್ಲಿ ಸ್ಥಳವೆಷ್ಟಿದ್ದರೂ, ಅದರಲ್ಲಿ ಹಿಡಿಸದು. ನಕಲು ಮಾಡುವಾಗ ಎಚ್ಚರಿಕೆಯ ಮಾತೊಂದು ಪರದೆಯ ಮೇಲೆ ಬಂದಿದ್ದುದೂ, ಅವಸರದಲ್ಲಿ ಅದನ್ನು ಓದದೆ ಮುಚ್ಚಿದ್ದುದೂ ಆಗ ನೆನಪಿಗೆ ಬಂದಿತು. ಕಡೆಗೆ ಏಳು ತಿಂಗಳ ಹಿಂದೆ ನಮ್ಮ ಅಕ್ಕನವರ ಮನೆಯಲ್ಲಿರಿಸಿದ್ದ ಬೇರೊಂದು ಪ್ರತಿ ದೊರೆತು, ಅದರಿಂದ ಗಣಕವು ಎದ್ದುನಿಂತಿತು. ಆದರೆ ಆ ಬಳಿಕ ತೀರ್ಥರೂಪರು ಬರೆದಿದ್ದ ಮೂರು ಅಧ್ಯಾಯಗಳು ಅದರಲ್ಲಿಲ್ಲ. ಅವು ನಮ್ಮ ಅಜ್ಜಿಯವರ ವಿಷಯವಾದುವು. ಅವರು ತಿದ್ದುವುದಕ್ಕೆಂದು ಕಾಗದದ ಮೇಲೆ ಮುದ್ರಿಸಿಕೊಂಡಿದ್ದ ನಾಲ್ಕು ಪುಟಗಳು ಮಾತ್ರ ಉಳಿದಿವೆ. ಅಜ್ಜಿಯವರನ್ನು ಕಂಡು ಬಲ್ಲವರು ಈಗ ನಮ್ಮಲ್ಲಿ ಯಾರೂ ಇಲ್ಲ.

ಇನ್ನು ಮಾಡತಕ್ಕ ಕ್ರಮವನ್ನು ತಿಳಿಸುವೆವು. ಮೊದಲು ಒಳಗಿನ ಗಣಕವನ್ನು ಅದರ ರೀತಿಯಲ್ಲಿಯೇ ಪೂರ್ತಿಯಾಗಿ ಮುಚ್ಚಬೇಕು. ಅದು ನಡೆಯುತ್ತಿರುವಾಗ ತೆಗೆದ ನಕಲು, ಬರೆಯುತ್ತಿರುವವರ ಕೈಯಿಂದ ಹಾಳೆಯನ್ನು ಕಿತ್ತಂತೆ ಅರೆಬರೆಯಾಗಬಹುದು. ಬಳಿಕ ದಾರಿ ಎರಡು. ಫೋಲ್ಡರನ್ನು ಒಂದು ಫೈಲನ್ನೂ ಬಿಡದೆ ಇಡಿಯಾಗಿ ನಕಲು ಮಾಡುವುದು ಒಂದು. ಇದರಲ್ಲಿ ಸ್ನ್ಯಾಪ್‌ಶಾಟುಗಳೂ ಬರುವುವು. ವರ್ಚುವಲ್‌ಬಾಕ್ಸಿನ ‘ಎಕ್ಸ್‌ಪೋರ್ಟ್ ಅಪ್ಲಯನ್ಸ್’ ಎಂಬ ಸೌಕರ್ಯದಿಂದ ಎಲ್ಲವನ್ನೂ ಓವಿಎ ಎಂಬ ಒಂದೇ ಫೈಲಾಗಿ ಕಟ್ಟುವುದು ಎರಡನೆಯದು. ಇದರಲ್ಲಿ ಈಗಿನ ಸ್ಥಿತಿ ಮಾತ್ರ ಬರುವುದು, ಸ್ನ್ಯಾಪ್‌ಶಾಟುಗಳು ಬಾರವು. ಮನೆಯ ಉಪಯೋಗಕ್ಕೆ ಎರಡನೆಯದೇ ಸುಲಭವೆಂದು ನಮ್ಮ ಅಭಿಪ್ರಾಯ. ಪ್ರತಿಯನ್ನಿಡುವ ಡ್ರೈವು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವ್ಯವಸ್ಥೆಯದಾಗಿರಬೇಕು. ಹಾಗೆ ಬದಲಾಯಿಸುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ಮರೆಯಕೂಡದು. ಪ್ರತಿಗಳು ಎರಡಿರಲಿ, ಒಂದು ಮನೆಯ ಹೊರಗಿರಲಿ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದೇ ನಾವು ಮಾಡಿದ ತಪ್ಪು. ಬಿತ್ತನೆಗೆಂದು ತೆಗೆದಿಟ್ಟ ಬೀಜವನ್ನು ಒಕ್ಕಲಿಗನು ಹಾಗೆಯೇ ಹೊಲಕ್ಕೆ ಒಯ್ಯುವುದಿಲ್ಲ. ಹಿಡಿಯಷ್ಟನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುವುದೋ ಎಂದು ನೋಡುತ್ತಾನೆ. ಪ್ರತಿಯನ್ನೂ ಹಾಗೆಯೇ ಪರೀಕ್ಷಿಸತಕ್ಕದ್ದು. ಸಾಧ್ಯವಿದ್ದರೆ ಬೇರೊಂದು ಗಣಕದಲ್ಲಿ ವರ್ಚುವಲ್‌ಬಾಕ್ಸನ್ನು ಸ್ಥಾಪಿಸಿ, ‘ಇಂಪೋರ್ಟ್ ಅಪ್ಲಯನ್ಸ್’ ಎಂಬುದರಿಂದ ಓವಿಎ ಫೈಲನ್ನು ಒಳತೆಗೆದುಕೊಳ್ಳಬೇಕು. ಫೋಲ್ಡರಿನ ನಕಲಾಗಿದ್ದರೆ ‘ಆ್ಯಡ್’ ಎಂಬುದನ್ನು ಒತ್ತಿ ಅದರ ಚಿಕ್ಕ ಫೈಲನ್ನು ತೋರಿಸಿದರೆ ಸಾಕು. ಆದರೆ ಮೂಲವಿರುವ ಗಣಕದಲ್ಲಿಯೇ ಇದನ್ನು ಮಾಡಹೋದರೆ, ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ತಂತ್ರಾಂಶವು ಒಪ್ಪದು. ಗಣಕವು ಎದ್ದ ಮೇಲೆ ಒಳಹೊಕ್ಕು, ಈಚೆಗೆ ಬರೆದ ಬರಹವನ್ನೇ ತೆರೆದು ಒಂದು ಪುಟವನ್ನಾದರೂ ಓದಿನೋಡಬೇಕು. ಎಕ್ಸ್‌ಪಿಯಂತಹ ಪೋಷಣೆ ನಿಂತ ವ್ಯವಸ್ಥೆಗೆ ಅಂತರ್ಜಾಲದ ಸಂಪರ್ಕವನ್ನು ಕೊಡದಿರುವುದು ಕ್ಷೇಮ.

ಪ್ರತಿ ತಿಂಗಳೂ ಗೊತ್ತಾದ ಒಂದು ದಿನ, ಮನೆಯ ಲೆಕ್ಕ ಬರೆಯುವ ದಿನವಾದರೂ ಆಗಬಹುದು, ಪ್ರತಿ ತೆಗೆಯುವ ನಿಯಮವನ್ನಿಟ್ಟುಕೊಂಡರೆ ಹೋದರೂ ಒಂದು ತಿಂಗಳ ಕೆಲಸವಷ್ಟೇ ಹೋದೀತು. ಹಿರಿಯರು ಬರೆಯುತ್ತಿರುವ ಮನೆಯಲ್ಲಿ ಅಷ್ಟೂ ಸಾಲದು. ಅಧ್ಯಾಯ ಮುಗಿದೊಡನೆ ಅದನ್ನು ಕಾಗದದ ಮೇಲೆಯೂ ಮುದ್ರಿಸಿಡಬೇಕು. ನಮ್ಮಲ್ಲಿ ಉಳಿದ ನಾಲ್ಕು ಪುಟಗಳು ಉಳಿದುದು ಹೀಗೆಯೇ.

ಈ ಪುಟವನ್ನು ಓದುತ್ತಿರುವವರ ಮನೆಯಲ್ಲಿಯೂ ಇಂತಹ ಪ್ರತಿಯೊಂದು ಪೆಟ್ಟಿಗೆಯಲ್ಲಿದ್ದರೆ, ಮುಂದಿನ ಸಂಚಿಕೆ ಕೈಸೇರುವ ಮೊದಲು ಅದನ್ನು ಒಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥಿಸುತ್ತೇವೆ.