ನಿಮ್ಮ ಎಸ್‌ಐಪಿಗೂ ಒಂದು ವೋಟಿದೆ

ಪ್ರತಿ ತಿಂಗಳು ಎಸ್‌ಐಪಿ ದುಡ್ಡು ಕಟ್ ಆದ ಮೆಸೇಜ್ ಬರುತ್ತೆ. ನೋಡ್ತೀವಿ, ಸ್ವೈಪ್ ಮಾಡಿ ಮರೀತೀವಿ. ಆ ದುಡ್ಡಲ್ಲಿ ಫಂಡ್‌ನವರು ಶೇರು ಕೊಳ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ಶೇರಿನ ಜೊತೆ ವೋಟೂ ಬರುತ್ತೆ, ಅದನ್ನ ನಮ್ಮ ಹೆಸರಲ್ಲಿ ಬೇರೆಯವರು ಹಾಕ್ತಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಶೇರು ಇಟ್ಟುಕೊಂಡವರ ಮಾತಿಗೆ ಎಷ್ಟು ತೂಕ ಅನ್ನೋದನ್ನ ಬೆಂಗಳೂರು ಕಣ್ಣಾರೆ ಕಂಡಿದ್ದು 2019ರಲ್ಲಿ, ಮೈಂಡ್‌ಟ್ರೀ ವಿಷಯದಲ್ಲಿ.

1999ರಲ್ಲಿ ಹತ್ತು ಜನ ಸೇರಿ ಕಟ್ಟಿದ ಕಂಪನಿ ಅದು. ಇಪ್ಪತ್ತು ವರ್ಷದ ಹೊತ್ತಿಗೆ ಸ್ಥಾಪಕರ ಕೈಯಲ್ಲಿ ಉಳಿದಿದ್ದು ಸುಮಾರು 13% ಶೇರು. ಕೆಫೆ ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಂಪನಿಗಳ ಹತ್ತಿರ 20%ಗಿಂತ ಸ್ವಲ್ಪ ಜಾಸ್ತಿ. ಅದನ್ನ ಶೇರಿಗೆ 980 ರೂಪಾಯಿಯಂತೆ ಕೊಳ್ಳೋಕೆ ಎಲ್ ಅಂಡ್ ಟಿ 2019ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದರು.

ನಮ್ಮ ದೊಡ್ಡಪ್ಪ ಕಲಾಸಿಪಾಳ್ಯದಲ್ಲಿ ಪಾಲುದಾರಿಕೆಯಲ್ಲಿ ಲಾರಿ ಬುಕಿಂಗ್ ಆಫೀಸ್ ನಡೆಸಿದವರು. ಪೇಪರ್ ಓದಿ ಕೇಳಿದರು: "ಅಲ್ಲ ಕಣೋ, ಕಟ್ಟಿದೋರೇ ಬೇಡ ಅಂದ್ರೆ ಇನ್ನೊಬ್ಬ ಹೆಂಗೆ ಒಳಗೆ ಬರ್ತಾನೆ?" ಅವರ ಲೆಕ್ಕದಲ್ಲಿ ಪ್ರಶ್ನೆ ಸರಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಹೊಸ ಪಾಲುದಾರ ಬರೋಕೆ ಇರೋರೆಲ್ಲ ಒಪ್ಪಬೇಕು. ಲಿಸ್ಟೆಡ್ ಕಂಪನಿಯಲ್ಲಿ ಹಾಗಿಲ್ಲ. ಶೇರು ಯಾರು ಬೇಕಾದರೂ ಮಾರಬಹುದು, ಯಾರು ಬೇಕಾದರೂ ಕೊಳ್ಳಬಹುದು. ಸೆಬಿ ಹಾಕಿರೋ ಬೇಲಿ ಏನಂದ್ರೆ, 25% ಮುಟ್ಟುವವರು ಉಳಿದ ಶೇರುದಾರರಿಂದಲೂ ಕನಿಷ್ಠ 26% ಕೊಳ್ಳೋಕೆ ಓಪನ್ ಆಫರ್ ಕೊಡಬೇಕು. ಎಲ್ ಅಂಡ್ ಟಿ 31%ಗೆ ಕೊಟ್ಟಿತು, ಬೆಲೆ ಅದೇ 980.

ಶೇರು ಬೈಬ್ಯಾಕ್ ಮಾಡೋ ಯೋಚನೆ ಮೈಂಡ್‌ಟ್ರೀ ಬೋರ್ಡ್‌ಗೆ ಬಂದಿತ್ತು. ಆದರೆ ಆಫರ್ ಘೋಷಣೆ ಆದಮೇಲೆ ಅಂಥ ಹೆಜ್ಜೆಗೆ ಶೇರುದಾರರ ವಿಶೇಷ ನಿರ್ಣಯ ಬೇಕು, ಅಂದ್ರೆ ಬಿದ್ದ ವೋಟಿನಲ್ಲಿ 75%. ಮಾರ್ಚ್ 26ಕ್ಕೆ ಬೋರ್ಡ್ ಆ ಯೋಚನೆ ಕೈಬಿಟ್ಟಿತು.

ಅಲ್ಲಿಂದ ತೀರ್ಮಾನ ನಡುವೆ ಕೂತವರ ಕೈಗೆ ಹೋಯ್ತು: ದೊಡ್ಡ ಫಂಡ್‌ಗಳು. ಇಲ್ಲಿ ಬ್ಯಾಲೆಟ್ ಪೇಪರ್ ಇರಲಿಲ್ಲ. ಶೇರು ಕೊಟ್ಟರೆ ಹೌದು, ಇಟ್ಟುಕೊಂಡರೆ ಬೇಡ, ಅಷ್ಟೇ. 10%ಗಿಂತ ಜಾಸ್ತಿ ಇಟ್ಟುಕೊಂಡಿದ್ದ ಸಿಂಗಪುರದ ನಳಂದ ಕ್ಯಾಪಿಟಲ್ ಮೊದಲು ವಿರೋಧಿಸಿತ್ತು. ಸ್ವತಂತ್ರ ನಿರ್ದೇಶಕರ ಸಮಿತಿ ಬೆಲೆ ನ್ಯಾಯವಾಗಿದೆ ಅಂದಿತು. ಜೂನ್ ಕೊನೆಗೆ ನಳಂದ ಕೂಡ ಶೇರು ಕೊಟ್ಟಿತು. ಎಲ್ ಅಂಡ್ ಟಿ ಪಾಲು 60% ದಾಟಿತು. ಜುಲೈನಲ್ಲಿ ಮೂವರು ಸ್ಥಾಪಕರು ರಾಜೀನಾಮೆ ಕೊಟ್ಟರು. 2022ರ ನವೆಂಬರ್‌ನಲ್ಲಿ ಮೈಂಡ್‌ಟ್ರೀ ಎಲ್‌ಟಿಐ ಜೊತೆ ಸೇರಿ ಎಲ್‌ಟಿಐಮೈಂಡ್‌ಟ್ರೀ ಆಯ್ತು.

ಫಂಡ್‌ಗಳು ಮಾಡಿದ್ದು ದ್ರೋಹ ಅಂತ ನಾನು ಹೇಳಲ್ಲ. ಅವರ ಮೊದಲ ಕರ್ತವ್ಯ ದುಡ್ಡು ಹಾಕಿದವರಿಗೆ, ಸ್ಥಾಪಕರ ಬೇಸರಕ್ಕಲ್ಲ. ಆದರೆ ಸುಮಾರು 20,000 ಜನ ಕೆಲಸ ಮಾಡ್ತಿದ್ದ ಕಂಪನಿ ಯಾರದ್ದಾಗಬೇಕು ಅನ್ನೋದರಲ್ಲಿ, ಶೇರಿಲ್ಲದ ಉದ್ಯೋಗಿಗೆ ಮಾತೇ ಇರಲಿಲ್ಲ. ನಾಳೆ ನಿಮ್ಮ ಕಂಪನಿಗೇ ಇಂಥ ಆಫರ್ ಬಂದರೆ, ಒಂದು ಕಡೆ ನೀವು ಉದ್ಯೋಗಿ, ಇನ್ನೊಂದು ಕಡೆ ಯಾವುದೋ ಫಂಡ್ ಮೂಲಕ ನೀವೇ ಮಾಲೀಕ. ಮಾತಿಗೆ ಬೆಲೆ ಇರೋದು ಎರಡನೆಯವನಿಗೆ ಮಾತ್ರ, ಅವನೋ ಮೆಸೇಜ್ ಸ್ವೈಪ್ ಮಾಡಿ ಕೂತಿದ್ದಾನೆ!

ಹಾಗಾಗಿ ಒಂದು ಸಣ್ಣ ಕೆಲಸ ಮಾಡಿ. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳು ತಾವು ಶೇರು ಇಟ್ಟಿರೋ ಕಂಪನಿಗಳ ಎಲ್ಲ ನಿರ್ಣಯಕ್ಕೂ ವೋಟು ಹಾಕಲೇಬೇಕು ಅಂತ ಸೆಬಿ ನಿಯಮ ಇದೆ. ಯಾವುದಕ್ಕೆ ಪರ, ಯಾವುದಕ್ಕೆ ವಿರೋಧ, ಕಾರಣ ಏನು ಅಂತ ವೆಬ್‌ಸೈಟ್‌ನಲ್ಲಿ ಹಾಕಬೇಕು. ನಿಮ್ಮ ಫಂಡ್ ಹೌಸ್‌ನ ಸೈಟ್‌ನಲ್ಲಿ 'ವೋಟಿಂಗ್' ಅಂತ ಹುಡುಕಿ, ಕಾರಣದ ಕಾಲಂ ಓದಿ. ಎಲ್ಲ ಕಂಪನಿಗೂ ಒಂದೇ ವಾಕ್ಯ ಕಾಪಿ-ಪೇಸ್ಟ್ ಆಗಿದ್ದರೆ ಒಂದು ಮೇಲ್ ಹಾಕಿ ಕೇಳಿ. ಡಿಮ್ಯಾಟ್‌ನಲ್ಲಿ ನಿಮ್ಮದೇ ಶೇರು ಇದ್ದರೆ ಇನ್ನೂ ಸುಲಭ. ಇ-ವೋಟಿಂಗ್ ಫೋನಿನಲ್ಲೇ ಆಗುತ್ತೆ, ಐದು ನಿಮಿಷದ ಕೆಲಸ.